ಕಣ್ಣಾರೆ ಕಂಡದ್ದು ಸಾಕೆ?

ಪ್ರಶ್ನೆ: ಫಿಸಿಯೋಥೆರಪಿ ಪದವಿ ಮುಗಿಸಿ ಈಚೆಗಷ್ಟೇ ಕೆಲಸಕ್ಕೆ ಸೇರಿದ್ದೇನೆ. ಸೊಂಟನೋವು, ಕಾಲು ಉಳುಕು ಎಂದು ಬಂದವರಿಗೆಲ್ಲ ನಮ್ಮಲ್ಲಿ ಅಲ್ಟ್ರಾಸೌಂಡ್ (ಸ್ಕ್ಯಾನಿಂಗ್ ಅಲ್ಲ, ನೋವಿರುವ ಕಡೆ ಯಂತ್ರದಿಂದ ಶಬ್ದತರಂಗ ಹಾಯಿಸುವ ಚಿಕಿತ್ಸೆ) ಕೊಡುತ್ತಾರೆ. ಅದರಿಂದ ಅಂಥ ಉಪಯೋಗವಿಲ್ಲವೆಂದು ಸಂಶೋಧನಾ ಪ್ರಬಂಧಗಳಲ್ಲಿ ಓದಿದ್ದೇನೆ ಎಂದರೆ ನಮ್ಮ ಸೀನಿಯರ್, "ಇಪ್ಪತ್ತು ವರ್ಷದಿಂದ ಗುಣ ಆಗೋದನ್ನ ಕಣ್ಣಾರೆ ಕಂಡಿದ್ದೀನಿ, ನಿಮ್ಮ ಪೇಪರು ನೀವೇ ಇಟ್ಕೊಳ್ಳಿ" ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ನಿಮ್ಮ ಸೀನಿಯರ್ ಸುಳ್ಳು ಹೇಳುತ್ತಿಲ್ಲ. ಅವರು ಕಂಡವರು ಗುಣವಾಗಿದ್ದಾರೆ. ಏತರಿಂದ ಗುಣವಾದರು ಎಂಬುದು ಮಾತ್ರ ಕಣ್ಣಿಗೆ ಕಾಣುವಂಥದ್ದಲ್ಲ.

ಉಳುಕಿದ ಕಾಲು ಯಾರೂ ಮುಟ್ಟದಿದ್ದರೂ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಸೊಂಟನೋವು ಏರುತ್ತ ಇಳಿಯುತ್ತ ಇರುವಂಥದ್ದು; ತಾಳಲಾರದಷ್ಟು ಏರಿದಾಗಲೇ ಜನ ನಮ್ಮ ಬಾಗಿಲಿಗೆ ಬರುವುದು. ಅಲ್ಲಿಂದಾಚೆ ಅದು ಇಳಿಯುವ ಸಾಧ್ಯತೆಯೇ ಹೆಚ್ಚು, ನಾವು ಜೆಲ್ ಹಚ್ಚಿ ಯಂತ್ರ ಆಡಿಸಿದರೂ ಸರಿ, ಮಾತಾಡಿಸಿ ಕಳಿಸಿದರೂ ಸರಿ. ಗುಣವಾಗದವರೋ, ಹೇಳದೆ ಕೇಳದೆ ಬೇರೆ ಕಡೆ ಹೋಗಿರುತ್ತಾರೆ. ಇಪ್ಪತ್ತು ವರ್ಷದ ನೆನಪಿನಲ್ಲಿ ಅವರ ಲೆಕ್ಕವೇ ಇರುವುದಿಲ್ಲ.

ಇದನ್ನು ಬಿಡಿಸಿ ನೋಡಲು ಅಲ್ಟ್ರಾಸೌಂಡ್ ಬಲು ಅನುಕೂಲ. ರೋಗಿಗೆ ಅದು ಹೆಚ್ಚೆಂದರೆ ತುಸು ಬೆಚ್ಚಗೆನಿಸೀತು. ಆದ್ದರಿಂದ ದೀಪ ಉರಿಯುತ್ತಿದ್ದೂ ತರಂಗ ಹೊರಡದ ಯಂತ್ರವನ್ನು ಅರ್ಧ ಜನಕ್ಕೆ ಬಳಸಬಹುದು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು, ನೋವು ಅಳೆಯುವವರಿಗೆ ಅದು ಗೊತ್ತಿರಬಾರದು. ರಾಬರ್ಟ್‌ಸನ್ ಮತ್ತು ಬೇಕರ್ ಎಂಬ ಸಂಶೋಧಕರು 2001ರಲ್ಲಿ ಅಲ್ಟ್ರಾಸೌಂಡಿನ 35 ಪ್ರಯೋಗಗಳನ್ನು ಜಾಲಾಡಿದರು. ವಿಧಾನ ಒಪ್ಪುವಂತಿದ್ದವು 10. ಅವುಗಳಲ್ಲಿ ನಿಜವಾದ ತರಂಗ ಹುಸಿಗಿಂತ ಮೇಲಾಗಿ ಕಂಡದ್ದು ಎರಡರಲ್ಲಿ: ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆ ಒಂದು, ಭುಜದ ಸ್ನಾಯುರಜ್ಜುವಿನಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡದ್ದು ಇನ್ನೊಂದು.

ಅಲ್ಲಿ 35 ಹೋಗಿ 10 ಆದದ್ದನ್ನೂ ಗಮನಿಸಿ. ಪೇಪರು ಎಂದ ಮಾತ್ರಕ್ಕೆ ನಂಬಬೇಕಿಲ್ಲ. ಸಿಡ್ನಿಯಲ್ಲಿ 1999ರಲ್ಲಿ ಶುರುವಾದ ಪೆಡ್ರೊ ಎಂಬ ಉಚಿತ ಭಂಡಾರದಲ್ಲಿ ಫಿಸಿಯೋಥೆರಪಿಯ ಪ್ರಯೋಗಗಳಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕೊಟ್ಟಿರುತ್ತಾರೆ. ವ್ಯಾಯಾಮದ ಪ್ರಯೋಗಕ್ಕೆ 8 ಬಂದರೆ ಅದೇ ಬಹಳ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಮುಚ್ಚಿಟ್ಟದ್ದಕ್ಕೂ ಅಂಕವುಂಟು; ವ್ಯಾಯಾಮ ಮಾಡುವವರಿಂದಲೂ ಮಾಡಿಸುವವರಿಂದಲೂ ಅದನ್ನು ಮುಚ್ಚಿಡಲಾಗದಲ್ಲ!

ತರ್ಕಕ್ಕೆ ಒಪ್ಪಿದ್ದೂ ಪರೀಕ್ಷೆಯಲ್ಲಿ ತಿರುಗಿಬೀಳಬಹುದು. ಪಾರ್ಶ್ವವಾಯು ಹೊಡೆದವರನ್ನು ಎಷ್ಟು ಬೇಗ ಎಬ್ಬಿಸಿ, ಎಷ್ಟು ಹೆಚ್ಚು ನಡೆಸಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆಯಿತ್ತು. ಸ್ವತಃ ಫಿಸಿಯೋಥೆರಪಿಸ್ಟ್ ಆದ ಜೂಲಿ ಬರ್ನ್‌ಹಾರ್ಟ್ ಮುಂದಾಳತ್ವದಲ್ಲಿ 2104 ರೋಗಿಗಳ ಮೇಲೆ ನಡೆದ ಅವರ್ಟ್ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಮೊದಲ 24 ಗಂಟೆಯೊಳಗೇ ಶುರುಮಾಡಿ ಮತ್ತೆ ಮತ್ತೆ ಎಬ್ಬಿಸಿದವರಲ್ಲಿ ಮೂರು ತಿಂಗಳ ಬಳಿಕ ಚೆನ್ನಾಗಿದ್ದವರು ಶೇ. 46, ಎಂದಿನ ಆರೈಕೆ ಪಡೆದವರಲ್ಲಿ ಶೇ. 50. ಹಾಸಿಗೆಯಲ್ಲೇ ಬಿಡಿ ಎಂದು ಇದರ ಅರ್ಥವಲ್ಲ. ಎಂದಿನ ಆರೈಕೆಯಲ್ಲೂ ಬೇಗನೇ ಎಬ್ಬಿಸುತ್ತಿದ್ದರು. ಅತಿಯಾಗಿ ಮಾಡಿದ್ದು ಒಗ್ಗಲಿಲ್ಲ, ಅಷ್ಟೆ.

ಸೀನಿಯರ್ ಎದುರು ಪೇಪರು ಹಿಡಿದು ವಾದಕ್ಕೆ ನಿಲ್ಲಬೇಡಿ. ಮೊದಲ ದಿನವೇ ಹತ್ತಕ್ಕೆ ನೋವು ಎಷ್ಟು, ನೋವಿನಿಂದ ನಿಂತುಹೋದ ಕೆಲಸ ಯಾವುದು, ಇವೆರಡನ್ನು ಬರೆದಿಡೋಣ, ಬರುವುದನ್ನು ಬಿಟ್ಟವರಿಗೂ ಫೋನ್ ಮಾಡೋಣ ಎಂದು ಕೇಳಿ. ಅಲ್ಟ್ರಾಸೌಂಡ್ ಕೆಲಸ ಮಾಡಿತೋ ಇಲ್ಲವೋ ಎಂಬುದು ಇದರಿಂದ ತೀರ್ಮಾನವಾಗದು, ಹೋಲಿಸಲು ಇನ್ನೊಂದು ಗುಂಪು ಇಲ್ಲವಲ್ಲ. ಆದರೆ ಕಾಣದೆ ಹೋಗುತ್ತಿದ್ದವರು ಕಾಣತೊಡಗುತ್ತಾರೆ. "ಹಾನಿಯಂತೂ ಇಲ್ಲವಲ್ಲ" ಎಂದರೆ, ಯಂತ್ರಕ್ಕೆ ಹೋದ ಸಮಯ ವ್ಯಾಯಾಮ ಕಲಿಸುವ ಸಮಯದಿಂದಲೇ ಕಡಿತವಾಗುತ್ತದೆ ಎಂದು ಮೆಲ್ಲಗೆ ಹೇಳಿ.

ಪ್ರಶ್ನೆ: ನನಗೆ ಮಂಡಿ ಸವೆತ. ಫಿಸಿಯೋಥೆರಪಿಸ್ಟ್ ಯಾವ ಯಂತ್ರವನ್ನೂ ಇಡದೆ ಬರೀ ವ್ಯಾಯಾಮ ಹೇಳಿ ಕಳಿಸುತ್ತಾರೆ. ಇದಕ್ಕೆ ದುಡ್ಡು ಯಾಕೆ ಕೊಡಬೇಕು?

ಉತ್ತರ: ಕೊಡಿ, ಖುಷಿಯಾಗಿ ಕೊಡಿ. ಮಂಡಿ ಸವೆತಕ್ಕೆ ವ್ಯಾಯಾಮದಷ್ಟು ಪುರಾವೆ ಇರುವ ಫಿಸಿಯೋಥೆರಪಿ ಇನ್ನೊಂದಿಲ್ಲ. ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆಯೊಂದರಲ್ಲೇ 54 ಪ್ರಯೋಗಗಳಿದ್ದವು; ನೋವು ಇಳಿದದ್ದೂ, ಓಡಾಟ ಸುಧಾರಿಸಿದ್ದೂ ಅದರಲ್ಲಿ ಕಂಡಿತು. ಆದರೆ ಮೊದಲ ದಿನ ಹೇಳಿದ ವ್ಯಾಯಾಮವನ್ನೇ ತಿಂಗಳಾದರೂ ಹೇಳುತ್ತಿದ್ದರೆ, ಯಾವಾಗ ಹೆಚ್ಚಿಸುತ್ತೀರಿ ಎಂದು ಕೇಳಲು ಸಂಕೋಚಪಡಬೇಡಿ.