ಜರ್ಮನ್‌ಗೆ ಜರ್ಮನಿ ಯಾಕೆ ಬರಲ್ಲ?

ನೀವು ಕೇಳಿದ ಪ್ರಶ್ನೆ ‘ಪೋರ್ಚುಗೀಸ್ : ಬ್ರೆಜಿಲ್ :: ಜರ್ಮನ್ : ?’ ಅಂದರೆ ಮೊದಲ ಜೋಡಿಯಲ್ಲಿರುವ ಸಂಬಂಧವೇ ಎರಡನೆಯ ಜೋಡಿಯಲ್ಲೂ ಬರಬೇಕು. ಆಯ್ಕೆಗಳು ಜರ್ಮನಿ, ಆಸ್ಟ್ರಿಯಾ, ಬೆಲ್ಜಿಯಂ, ಹಂಗೇರಿ. ಜರ್ಮನಿ ಅಂತ ಬರೆದಿದ್ದು ಹೇಗೆ ತಪ್ಪು ಅಂತ ನಿಮ್ಮ ಗೊಂದಲ. ಬಹಳ ಜನ ಎಡವುವುದೇ ಇಲ್ಲಿ.

ಆಯ್ಕೆಗಳನ್ನು ನೋಡುವ ಮೊದಲೇ ಮೊದಲ ಜೋಡಿಯಿಂದ ಒಂದು ವಾಕ್ಯ ಕಟ್ಟಿಕೊಳ್ಳಿ. ‘ಪೋರ್ಚುಗೀಸ್ ಬ್ರೆಜಿಲ್‌ನಲ್ಲಿ ಆಡುವ ಭಾಷೆ.’ ಈಗ ಅದರಲ್ಲಿ ಜರ್ಮನ್ ಇಟ್ಟು ನೋಡಿ. ಜರ್ಮನಿ ಸರಿ, ಆಸ್ಟ್ರಿಯಾನೂ ಸರಿ. ಬೆಲ್ಜಿಯಂ ಕೂಡ ಹೊಂದುತ್ತದೆ, ಅಲ್ಲಿನ ಮೂರು ಅಧಿಕೃತ ಭಾಷೆಗಳಲ್ಲಿ ಜರ್ಮನ್ ಒಂದು. ಮೂರು ಉತ್ತರ ಬಂದವು ಅಂದರೆ ವಾಕ್ಯ ಸಡಿಲ ಇದೆ.

ಸ್ವಲ್ಪ ಬಿಗಿ ಮಾಡೋಣ. ‘ಪೋರ್ಚುಗೀಸ್‌ಗೆ ಹೆಸರು ಬಂದಿದ್ದು ಬೇರೆ ದೇಶದಿಂದ, ಆದರೂ ಬ್ರೆಜಿಲ್‌ನ ಮುಖ್ಯ ಭಾಷೆ ಅದೇ.’ ಜರ್ಮನಿ ಬಿತ್ತು. ಬೆಲ್ಜಿಯಂನಲ್ಲಿ ಜಾಸ್ತಿ ಜನ ಆಡುವುದು ಡಚ್ ಮತ್ತು ಫ್ರೆಂಚ್, ಹಾಗಾಗಿ ಅದೂ ಬಿತ್ತು. ಹಂಗೇರಿಯದು ಹಂಗೇರಿಯನ್. ಉಳಿದಿದ್ದು ಆಸ್ಟ್ರಿಯಾ.

ಹಾಗಂತ ಅತಿಯಾಗಿ ಬಿಗಿಯಬೇಡಿ. ‘ಪೋರ್ಚುಗಲ್ ಆಳಿದ್ದರಿಂದ ಬ್ರೆಜಿಲ್‌ಗೆ ಆ ಭಾಷೆ ಬಂತು’ ಅಂದುಕೊಂಡರೆ ನಾಲ್ಕರಲ್ಲಿ ಒಂದೂ ಹೊಂದುವುದಿಲ್ಲ. ಒಂದೇ ಉತ್ತರ ಉಳಿದ ಕಡೆ ನಿಲ್ಲಿಸಿ.

ಇನ್ನು ನೆನಪಿಡುವ ಮಾತು. ಜಪಾನ್–ಜಪಾನಿ ತರಹದವನ್ನು ಉರು ಹೊಡೆಯಬೇಕಿಲ್ಲ. ಹೆಸರು ಹೊಂದದ ಜೋಡಿಗಳನ್ನೇ ಕಲಿಯಿರಿ: ಇರಾನ್–ಫಾರ್ಸಿ, ಕಾಂಬೋಡಿಯಾ–ಖ್ಮೇರ್, ಇಥಿಯೋಪಿಯಾ–ಅಮ್ಹಾರಿಕ್, ಭೂತಾನ್–ಜೋಂಖಾ, ಮಾಲ್ಡೀವ್ಸ್–ದಿವೇಹಿ. ದಕ್ಷಿಣ ಅಮೆರಿಕದ 12 ದೇಶಗಳಲ್ಲಿ 9ರಲ್ಲಿ ಸ್ಪ್ಯಾನಿಷ್ ಇದೆ. ಬೇರೆ ಮೂರನ್ನು ಮಾತ್ರ ನೆನಪಿಟ್ಟರೆ ಸಾಕು: ಬ್ರೆಜಿಲ್‌ಗೆ ಪೋರ್ಚುಗೀಸ್, ಸುರಿನಾಮ್‌ಗೆ ಡಚ್, ಗಯಾನಾಗೆ ಇಂಗ್ಲಿಷ್. ಬ್ರೆಜಿಲ್‌ಗೆ ಪೋರ್ಚುಗೀಸ್ ಬಂದ ಕಾರಣ ಗೊತ್ತಿದ್ದರೆ ಮರೆಯುವುದೂ ಇಲ್ಲ. 1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಟೋರ್ಡೆಸಿಲ್ಲಾಸ್ ಒಪ್ಪಂದ ಮಾಡಿಕೊಂಡು, ಹೊಸ ನೆಲ ಹಂಚಿಕೊಳ್ಳಲು ಸಮುದ್ರದ ಮೇಲೆ ಒಂದು ಗೆರೆ ಎಳೆದವು. ಬ್ರೆಜಿಲ್‌ನ ಪೂರ್ವ ಭಾಗ ಆ ಗೆರೆಯ ಪೋರ್ಚುಗಲ್ ಕಡೆಗೆ ಬಿತ್ತು. ನನಗೆ ಈ ಜೋಡಿ ಗಟ್ಟಿಯಾಗಿದ್ದು ಭೂಪಟದಲ್ಲಿ ಆ ಗೆರೆ ನೋಡಿದ ಮೇಲೆಯೇ.

ಡಚ್ ಮತ್ತು ಡ್ಯಾನಿಶ್ ಅದಲುಬದಲಾಗದಂತೆ ನೋಡಿಕೊಳ್ಳಿ. ಡಚ್ ನೆದರ್ಲೆಂಡ್ಸ್‌ನದು, ಡ್ಯಾನಿಶ್ ಡೆನ್ಮಾರ್ಕ್‌ನದು.

ಜೋಡಿಯ ದಿಕ್ಕನ್ನೂ ಗಮನಿಸಿ. ‘ಇರಾನ್ : ಫಾರ್ಸಿ :: ಇಸ್ರೇಲ್ : ?’ ಅಂದಾಗ ದೇಶ ಮೊದಲು, ಭಾಷೆ ಆಮೇಲೆ. ಆಯ್ಕೆಯಲ್ಲಿ ಶೆಕೆಲ್ ಮತ್ತು ಹೀಬ್ರೂ ಎರಡೂ ಇರಬಹುದು. ಶೆಕೆಲ್ ಅಲ್ಲಿನ ಹಣ, ನಿಮಗೆ ಬೇಕಾಗಿದ್ದು ಹೀಬ್ರೂ.