ಓದುಗರ ಪ್ರಶ್ನೆ: ಗಿರಣಿ ಮನೆ ಹುಡುಗ ಆಕಾಶ ನೋಡೋದು ಕಲಿತಿದ್ದೆಲ್ಲಿ?

ಪ್ರಶ್ನೆ: ಮೇಡಂ, ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ ಬರೆದ 'ದಿ ಹೇ ವೇನ್' ಚಿತ್ರದ ಪ್ರಿಂಟ್ ನೋಡ್ದೆ. ನೀರಲ್ಲಿ ನಿಂತ ಒಂದು ಗಾಡಿ, ಪಕ್ಕದಲ್ಲಿ ಮನೆ, ಮೇಲೆ ಮೋಡ, ಅಷ್ಟೇ. ಆದ್ರೂ ಕಣ್ಣು ಕೀಳೋಕಾಗ್ಲಿಲ್ಲ. ಇವನ ಮನೇಲಿ ಯಾರಾದ್ರೂ ಕಲಾವಿದರಿದ್ರಾ? ಯಾರ ಹತ್ರ ಕಲಿತ?

ಉತ್ತರ: ಮನೇಲಿ ಕಲಾವಿದರು ಯಾರೂ ಇರ್ಲಿಲ್ಲ, ಇದ್ದಿದ್ದು ಗಿರಣಿ. ಕಾನ್‌ಸ್ಟೆಬಲ್ ಹುಟ್ಟಿದ್ದು 1776ರಲ್ಲಿ, ಸಫೊಕ್ ಸೀಮೆಯ ಈಸ್ಟ್ ಬರ್ಗ್‌ಹೋಲ್ಟ್ ಅನ್ನೋ ಹಳ್ಳೀಲಿ. ಅಪ್ಪ ಗೋಲ್ಡಿಂಗ್ ದೊಡ್ಡ ದವಸದ ವ್ಯಾಪಾರಿ, ಸ್ಟೂರ್ ನದಿ ದಡದ ಫ್ಲಾಟ್‌ಫರ್ಡ್ ಗಿರಣಿ ಅವರದ್ದೇ. ನೀವು ನೋಡಿದ ಆ ಗಾಡಿ ನಿಂತಿರೋದು ಅದೇ ಗಿರಣಿ ಪಕ್ಕದ ನೀರಲ್ಲಿ, ಅಂದ್ರೆ ಅವನು ಆಡಿ ಬೆಳೆದ ಜಾಗ ಅದು! ಅಣ್ಣನಿಗೆ ವ್ಯವಹಾರ ನೋಡ್ಕೊಳ್ಳೋ ಶಕ್ತಿ ಇರ್ಲಿಲ್ಲ, ಹಾಗಾಗಿ ವ್ಯಾಪಾರ ಎರಡನೇ ಮಗನಾದ ಜಾನ್‌ಗೇ ಬರ್ಬೇಕಿತ್ತು, ಸ್ಕೂಲ್ ಮುಗಿಸಿ ಅವನು ಕೆಲಸಕ್ಕೂ ಇಳಿದ, ಒಂದು ವರ್ಷದಷ್ಟು ಅಪ್ಪನದ್ದೇ ಇನ್ನೊಂದು ಗಿರಣಿಯಲ್ಲಿ, ಗಾಳಿಗೆ ರೆಕ್ಕೆ ತಿರುಗೋ ಗಾಳಿ ಗಿರಣಿಯಲ್ಲಿ, ದುಡಿದ.

ನನ್ನ ಕೇಳಿದ್ರೆ ಅವನ ಮೊದಲ ಕಲಾಶಾಲೆ ಆ ಗಾಳಿ ಗಿರಣಿನೇ. ಯಾಕಂದ್ರೆ ಗಾಳಿ ಗಿರಣಿ ನಡೆಸೋನು ದಿನವಿಡೀ ಆಕಾಶದ ಮೇಲೆ ಒಂದು ಕಣ್ಣಿಟ್ಟಿರ್ಬೇಕು, ಗಾಳಿ ಯಾವ ಕಡೆಯಿಂದ ಬರ್ತಿದೆ, ಆ ಕರೀ ಮೋಡ ಮಳೆ ತರುತ್ತಾ ಬಿರುಗಾಳಿ ತರುತ್ತಾ ಅಂತ ಮೊದಲೇ ಗೊತ್ತಾಗ್ಬೇಕು, ಇಲ್ಲಾಂದ್ರೆ ರೆಕ್ಕೆ ಮುರಿಯುತ್ತೆ. ಬೇರೆಯವರಿಗೆ ಮೋಡ ಚಿತ್ರದ ಹಿಂದಿನ ಪರದೆ, ಇವನಿಗೆ ಹೊಟ್ಟೆಪಾಡಿನ ಸಂಗತಿ. ಮುಂದೆ 1821-22ರಲ್ಲಿ ಲಂಡನ್ ಹತ್ರದ ಹ್ಯಾಂಪ್‌ಸ್ಟೆಡ್ ಗುಡ್ಡದಲ್ಲಿ ಕೂತು ಬರೀ ಮೋಡಗಳನ್ನೇ ಸಾಲುಸಾಲಾಗಿ ಬರೆದ, ಎಷ್ಟೋ ಚಿತ್ರಗಳ ಹಿಂದೆ ತಾರೀಖು, ಹೊತ್ತು, ಗಾಳಿ ದಿಕ್ಕು ಕೂಡ ಗುರುತು ಹಾಕಿಟ್ಟಿದ್ದಾನೆ. ಗಿರಣಿ ಬಿಟ್ಟು ಅಷ್ಟು ವರ್ಷ ಆದ್ಮೇಲೂ ಆ ಅಭ್ಯಾಸ ಹೋಗಿರ್ಲಿಲ್ಲ ನೋಡಿ. ಮುಂದೆ ವ್ಯಾಪಾರ ವಹಿಸ್ಕೊಂಡ ತಮ್ಮ ಏಬ್ರಮ್ ಹೇಳ್ತಿದ್ದನಂತೆ, ನಮ್ಮ ಜಾನ್ ಬರೆದ ಗಿರಣಿ ನೋಡಿದ್ರೆ ಅದು ತಿರುಗುತ್ತೆ ಅನ್ಸುತ್ತೆ, ಬೇರೆಯವರು ಬರೆದಿದ್ದು ಎಲ್ಲಾ ಸಲ ಹಾಗಿರಲ್ಲ ಅಂತ.

ಇನ್ನು ಗುರುಗಳ ವಿಷಯ. ಊರಲ್ಲಿ ಜಾನ್ ಡನ್‌ಥಾರ್ನ್ ಅಂತ ಒಬ್ಬ ಇದ್ದ, ಕೊಳಾಯಿ ಕೆಲಸ, ಕಿಟಕಿಗೆ ಗಾಜು ಕೂರಿಸೋ ಕೆಲಸ ಮಾಡ್ತಾ ಬಿಡುವಿದ್ದಾಗ ಚಿತ್ರ ಬರೀತಿದ್ದ, ಇಬ್ಬರೂ ಒಟ್ಟಿಗೆ ಹೊಲಕ್ಕೆ ಹೋಗಿ ಕೂತು ಬರೀತಿದ್ರು. ಆ ಗೆಳೆತನ ನಂಗೆ ತುಂಬಾ ಇಷ್ಟ. ಆಮೇಲೆ ಸರ್ ಜಾರ್ಜ್ ಬ್ಯೂಮಾಂಟ್ ಅನ್ನೋ ಶ್ರೀಮಂತರ ಪರಿಚಯ ಆಯ್ತು, ಅವರು ಹಿಂದಿನ ಕಾಲದ ಹೆಸರಾಂತ ನಿಸರ್ಗ ಚಿತ್ರಕಾರ ಕ್ಲೋಡ್ ಲೊರೇನ್ ಬರೆದ ಒಂದು ಪುಟ್ಟ ಚಿತ್ರಾನ ಎಲ್ಲೇ ಹೋದ್ರೂ ಜೊತೇಲೇ ತಗೊಂಡು ಹೋಗ್ತಿದ್ರು, ಅದನ್ನ ನೋಡಿ ಹುಡುಗ ಮರುಳಾಗಿಬಿಟ್ಟ. ಅದೇ ಸಫೊಕ್‌ನವನೇ ಆದ ಚಿತ್ರಕಾರ ಗೇನ್ಸ್‌ಬರೋ ಅಂದ್ರೂ ಪ್ರಾಣ, ಪ್ರತಿ ಬೇಲಿಯಲ್ಲೂ ಪೊಟರೆ ಮರದಲ್ಲೂ ಅವನೇ ಕಾಣ್ತಾನೆ ಅಂತ ಕಾಗದ ಬರೆದಿದ್ದಾನೆ. ಅಪ್ಪ ಕೊನೆಗೂ ಒಪ್ಕೊಂಡು 1799ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಅನ್ನೋ ಕಲಾಶಾಲೆಗೆ ಕಳಿಸಿದ್ರು.

ಪ್ರಶ್ನೆ: ದೊಡ್ಡವರ ಚಿತ್ರ ನೋಡಿ ಕಾಪಿ ಮಾಡ್ತಾ ಕಲಿಯೋದು ತಪ್ಪಾ? ಕಾನ್‌ಸ್ಟೆಬಲ್ ಹಾಗೆ ಮಾಡಿದ್ನಾ?

ಉತ್ತರ: ಮಾಡಿದ್ದ, ಚೆನ್ನಾಗೇ ಮಾಡಿದ್ದ. ಆದ್ರೆ 1802ರಲ್ಲಿ ಡನ್‌ಥಾರ್ನ್‌ಗೆ ಬರೆದ ಕಾಗದದಲ್ಲಿ, ಎರಡು ವರ್ಷದಿಂದ ಚಿತ್ರಗಳ ಹಿಂದೆ ಓಡಾಡ್ತಾ ಸತ್ಯಾನ ಬೇರೆಯವರ ಕೈಯಿಂದ ತಗೊಳ್ತಿದ್ದೆ, ಊರಿಗೆ ಬಂದು ನಿಸರ್ಗಾನೇ ನೋಡಿ ಬರೀತೀನಿ ಅಂತ ತೋಡ್ಕೊಂಡಿದ್ದಾನೆ. ಅದೇ ವರ್ಷ ಒಂದು ಮಿಲಿಟರಿ ಕಾಲೇಜಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಗೋದಿತ್ತು, ಅದನ್ನೂ ಬೇಡ ಅಂದ.

ಒಂದ್ಸಲ ಬ್ಯೂಮಾಂಟ್, ನಿಸರ್ಗದ ಚಿತ್ರಕ್ಕೆ ಹಳೇ ಪಿಟೀಲಿನ ಕಂದು ಬಣ್ಣವೇ ಇರ್ಬೇಕು ಅಂದ್ರಂತೆ. ಕಾನ್‌ಸ್ಟೆಬಲ್ ವಾದ ಮಾಡ್ಲಿಲ್ಲ, ಒಂದು ಹಳೇ ಪಿಟೀಲು ತಂದು ಮನೆ ಮುಂದಿನ ಹಸಿರು ಹುಲ್ಲಿನ ಮೇಲೆ ಇಟ್ಟ. ಯಾರನ್ನ ಗೌರವಿಸ್ತಿದ್ನೋ ಅವರ ಮುಂದೆನೇ, ಸಮಾಧಾನವಾಗಿ.