ಹಿಡಿದ ಮೀನು ಮನೆಗೆ ತರಬಹುದಾ? ನಾಟಿಂಗ್‌ಹ್ಯಾಮ್‌ಗೆ ಹೊರಟವರಿಗೆ

ಜೇವರ್ಗಿಯ ಗೆಳೆಯರೊಬ್ಬರು ಕೇಳಿದ್ದಾರೆ: ಮುಂದಿನ ತಿಂಗಳು ಕೆಲಸಕ್ಕೆಂದು ನಾಟಿಂಗ್‌ಹ್ಯಾಮ್‌ಗೆ ಹೊರಟಿದ್ದೇನೆ, ಕಟ್ಟಿಸಂಗಾವಿ ಸೇತುವೆ ಹತ್ತಿರ ಭೀಮಾ ನದಿಯಲ್ಲಿ ಗಾಳ ಹಾಕಿ ರೂಢಿ. ಅಲ್ಲಿ ಊರ ಮಗ್ಗುಲಲ್ಲೇ ಟ್ರೆಂಟ್ ಅಂತ ದೊಡ್ಡ ಹೊಳೆ ಇದೆಯಂತಲ್ಲ, ಗಾಳ ಹಾಕಬಹುದಾ? ಸಿಕ್ಕಿದ್ದನ್ನು ತಂದು ಸಾರು ಮಾಡಬಹುದಾ? ಜನ ಏನಾದರೂ ಅಂತಾರಾ?

ಗಾಳ ಖಂಡಿತ ಹಾಕಬಹುದು. ಹೊಳೆಯ ಮೀನು ಮನೆಗೆ ತರುವ ಆಸೆಯನ್ನು ಮಾತ್ರ ವಿಮಾನ ಹತ್ತುವ ಮುಂಚೆಯೇ ಬಿಟ್ಟುಬಿಡಿ. ಜನ ಏನಂತಾರೆ ಅನ್ನುವುದು ಇಲ್ಲಿ ಕಾನೂನಿಗಿಂತ ದೊಡ್ಡ ಮಾತು, ಅದಕ್ಕೇ ಉತ್ತರ ಉದ್ದವಾಗಿದೆ.

ಮೊದಲು ಕಾಗದಪತ್ರ. 13 ವರ್ಷ ತುಂಬಿದ ಯಾರೇ ಆದರೂ ಇಂಗ್ಲೆಂಡಿನ ಸಿಹಿನೀರಿನಲ್ಲಿ ಗಾಳ ಹಾಕಲು ರಾಡ್ ಲೈಸೆನ್ಸ್ ಬೇಕು. ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆ, ಎನ್ವಿರಾನ್‌ಮೆಂಟ್ ಏಜೆನ್ಸಿ, ಕೊಡುತ್ತದೆ. 1 ದಿನದ್ದು, 8 ದಿನದ್ದು, 12 ತಿಂಗಳದ್ದು ಇವೆ. 13ರಿಂದ 16ರ ಮಕ್ಕಳಿಗೆ ಪುಕ್ಕಟೆ, ಆದರೆ ಅವರ ಹೆಸರಲ್ಲೂ ಲೈಸೆನ್ಸ್ ಇರಲೇಬೇಕು. ಸರ್ಕಾರದ ವೆಬ್‌ಸೈಟಿನಲ್ಲೇ ತೆಗೆಸಿ, ಹೆಚ್ಚಿಗೆ ಹಣ ಕೀಳುವ ನಕಲಿ ತಾಣಗಳೂ ಇವೆ. ಲೈಸೆನ್ಸ್ ಇಲ್ಲದೆ ಸಿಕ್ಕರೆ ದಂಡ 2,500 ಪೌಂಡ್‌ವರೆಗೆ. ವೀಸಾದ ಮೇಲಿರುವವರಿಗೆ ಕೋರ್ಟಿನ ಗೊಡವೆಯೇ ಬೇಡ.

ಹೊಸಬರು ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ಲೈಸೆನ್ಸ್ ಸಿಕ್ಕಿತೆಂದರೆ ಯಾವ ದಂಡೆಯಲ್ಲಾದರೂ ಕೂರಬಹುದು ಅಂದುಕೊಳ್ಳುತ್ತಾರೆ. ಅಲ್ಲಿ ನದಿ ದಂಡೆಯ ಜಮೀನಿನವರಿಗೇ ಮೀನು ಹಿಡಿಯುವ ಹಕ್ಕು. ಹೆಚ್ಚಿನ ಕಡೆ ಅದನ್ನು ಗಾಳದವರ ಕ್ಲಬ್‌ಗಳು ಗುತ್ತಿಗೆ ಹಿಡಿದಿರುತ್ತವೆ. ಬೇಲಿ ಇಲ್ಲ, ಕಾವಲು ಇಲ್ಲ ಅಂದಮಾತ್ರಕ್ಕೆ ದಂಡೆ ಯಾರದ್ದೂ ಅಲ್ಲ ಅಂತಲ್ಲ. ಡೇ ಟಿಕೆಟ್ ಕೊಳ್ಳಬೇಕು, ಇಲ್ಲವೇ ಕ್ಲಬ್ಬಿಗೆ ವರ್ಷದ ಸದಸ್ಯರಾಗಬೇಕು. ಊರಿನ ಟ್ಯಾಕಲ್ ಅಂಗಡಿಗೆ, ಅಂದರೆ ಗಾಳದ ಸಾಮಾನಿನ ಅಂಗಡಿಗೆ, ಹೋಗಿ ಕೇಳಿದರೆ ಯಾವ ದಂಡೆ ಯಾರದ್ದು, ಟಿಕೆಟ್ ಎಲ್ಲಿ ಸಿಗುತ್ತದೆ, ಈ ವಾರ ಏನು ಕಚ್ಚುತ್ತಿದೆ, ಎಲ್ಲವನ್ನೂ ಹೇಳುತ್ತಾರೆ. ಅಂಗಡಿಯವರ ಜೊತೆ ಹತ್ತು ನಿಮಿಷ ಮಾತಾಡುವುದು ಅಂತರ್ಜಾಲದಲ್ಲಿ ಹತ್ತು ತಾಸು ಹುಡುಕುವುದಕ್ಕಿಂತ ಚಲೋ.

ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಸಾಲ್ಮನ್, ಟ್ರೌಟ್ ಬಿಟ್ಟು ಉಳಿದ ಮೀನಿಗೆ ಗಾಳ ಬಂದ್. ಮೀನು ಮೊಟ್ಟೆ ಇಡುವ ಕಾಲ ಅದು. ನಮ್ಮ ಕಡೆ ಮುಂಗಾರಿನ ಹೊಸ ನೀರು ಬಂದಾಗ ಮೊಟ್ಟೆ ತುಂಬಿದ ಮೀನು ಹೊಳೆಯೆದುರು ಏರುತ್ತದೆ, ಹಳ್ಳದ ಬಾಯಲ್ಲಿ ಬಲೆ ಹಿಡಿದು ನಿಲ್ಲುವವರಿಗೆ ಅದೇ ಸುಗ್ಗಿ. ಅಲ್ಲಿ ಮೀನು ಮೊಟ್ಟೆ ಇಡುವ ಹೊತ್ತಿನಲ್ಲಿ ದಂಡೆ ಖಾಲಿ ಇರುತ್ತದೆ. ಜೂನ್ 15ರ ರಾತ್ರಿ 12 ಹೊಡೆಯುವುದನ್ನೇ ಕಾಯುತ್ತ ಜನ ದೀಪ ಹಿಡಿದು ಕೂತಿರುತ್ತಾರೆ. ಕೆರೆಗಳಿಗೆ, ಬಹುಪಾಲು ಕಾಲುವೆಗಳಿಗೆ ಈ ನಿಷೇಧವಿಲ್ಲ. ನೀವು ಬೇಸಗೆಯ ಮುಂಚೆ ಮುಟ್ಟುವವರಾದರೆ ಕೆರೆಯಿಂದಲೇ ಶುರು ಮಾಡಿ.

ಈಗ ಸಾರಿನ ವಿಷಯ. ಕಾನೂನಿನ ಪ್ರಕಾರ ನದಿಯಿಂದ ದಿನಕ್ಕೆ 20 ಸೆಂಟಿಮೀಟರ್ ಒಳಗಿನ 15 ಸಣ್ಣ ಮೀನು, 65 ಸೆಂಟಿಮೀಟರ್ ಒಳಗಿನ ಒಂದು ಪೈಕ್, 30ರಿಂದ 38 ಸೆಂಟಿಮೀಟರಿನ ಎರಡು ಗ್ರೇಲಿಂಗ್ ಒಯ್ಯಲು ಅವಕಾಶವಿದೆ. ಹಾವುಮೀನು ಸಿಕ್ಕರೆ ಬಿಡಲೇಬೇಕು. ಆದರೆ ಇದಕ್ಕೆಲ್ಲ ನೀರಿನ ಹಕ್ಕುದಾರರು ಒಪ್ಪಿರಬೇಕು, ಕ್ಲಬ್ಬುಗಳು ಸಾಮಾನ್ಯವಾಗಿ ಒಂದನ್ನೂ ಒಯ್ಯಲು ಒಪ್ಪುವುದಿಲ್ಲ. ಒಪ್ಪಿಗೆ ಇಲ್ಲದೆ ಒಯ್ದರೆ 1968ರ ಕಳ್ಳತನದ ಕಾಯ್ದೆಯಡಿ ಅಪರಾಧ. ಮೀನು ಒಯ್ಯಬಾರದೆಂದು ಹಲವು ಭಾಷೆಗಳಲ್ಲಿ ಬರೆದ ಫಲಕ ಎಷ್ಟೋ ದಂಡೆಗಳಲ್ಲಿ ಕಾಣುತ್ತೀರಿ. ಪೋಲೆಂಡ್, ಝೆಕ್ ಕಡೆಯವರಿಗೆ ಕ್ರಿಸ್‌ಮಸ್ ಊಟಕ್ಕೆ ಗೆಂಡೆ ಮೀನೇ ಆಗಬೇಕು. ಅವರಿಗೂ ಸ್ಥಳೀಯರಿಗೂ ಈ ವಿಷಯದಲ್ಲಿ ತಿಕ್ಕಾಟವಾಗಿದೆ. ಹೊರಗಿನಿಂದ ಬಂದವರ ಕೈಯಲ್ಲಿ ಬಕೆಟ್ ಕಂಡರೆ ಜನ ತಿರುಗಿ ನೋಡುತ್ತಾರೆ. ಬಕೆಟ್ ಒಯ್ಯದಿರುವುದೇ ಸರಿ.

ಅವರಿಗೆ ಮೀನಿನ ಮೇಲೆ ಅಷ್ಟು ಜೀವ ಯಾಕೆ ಅನ್ನುವುದನ್ನು ಅರ್ಥಮಾಡಿಕೊಂಡರೆ ಸಿಟ್ಟು ಬರುವುದಿಲ್ಲ. ನಾಟಿಂಗ್‌ಹ್ಯಾಮ್‌ಗಿಂತ ಮೇಲೆ ಟ್ರೆಂಟ್‌ಗೆ ಡರ್ವೆಂಟ್ ಎಂಬ ಉಪನದಿ ಸೇರುತ್ತದೆ. ಡರ್ಬಿ ಊರಿನ ಕಾರ್ಖಾನೆಯ ಬಿಸಿ ನೀರು, ರಾಸಾಯನಿಕ, ಪುರಸಭೆಯ ಗಟಾರ, ವಿದ್ಯುತ್ ಕೇಂದ್ರದ ಬಿಸಿ ನೀರು ಎಲ್ಲ ಸೇರಿ ಆ ಹೊಳೆಯ ಮೀನು ಸತ್ತುಹೋಗಿದ್ದವು. ಪ್ರೈಡ್ ಆಫ್ ಡರ್ಬಿ ಎಂಬ ಗಾಳದವರ ಸಂಘ ಮೂವರ ಮೇಲೂ ದಾವೆ ಹೂಡಿ ಗೆದ್ದಿತು. 1953ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಸಂಘದ ಪರವೇ ನಿಂತಿತು. ಚಂದಾ ಕೂಡಿಸಿ, ಕೋರ್ಟು ಹತ್ತಿ, ನೀರು ಉಳಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಇವತ್ತು ಆ ದಂಡೆಯಲ್ಲಿ ಕೂರುವವರು. ಕೆರೆಯ ದೊಡ್ಡ ಗೆಂಡೆಗಳಿಗೆ ಹೆಸರಿಟ್ಟು ಕರೆಯುತ್ತಾರೆ. ಪೀಟರ್‌ಬರೋ ಹತ್ತಿರದ ಕೆರೆಯೊಂದರಲ್ಲಿ ಬೆನ್ಸನ್ ಎಂಬ ಸುಮಾರು 29 ಕಿಲೊ ತೂಗಿದ್ದ ಗೆಂಡೆ 2009ರಲ್ಲಿ ಸತ್ತಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹತ್ತಾರು ಜನ ಹಿಡಿದು, ಮುದ್ದಿಸಿ, ಮತ್ತೆ ಬಿಟ್ಟ ಮೀನು ಅದು.

ತಿನ್ನದೆ ಇದ್ದರೆ ಬಾಯಿಗೆ ಗಾಳ ಚುಚ್ಚುವುದು ಯಾವ ನ್ಯಾಯ ಎಂದು ನಮ್ಮ ಕಡೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹಸಿವಿಗೆ ಹಿಡಿಯುವವನ ಗಾಳಕ್ಕೂ ಹೊತ್ತು ಕಳೆಯಲು ಹಿಡಿಯುವವನ ಗಾಳಕ್ಕೂ ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ದಂಡೆಯಲ್ಲಿ ನಿತ್ಯ ಕೂರುವ ಕಣ್ಣುಗಳು ಇಲ್ಲದಿದ್ದರೆ ಹೊಳೆಗೆ ವಿಷ ಸೇರಿದ್ದು ಮೊದಲು ಯಾರಿಗೂ ತಿಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ. ಬಿಡುವುದಾದರೆ ನೋವು ಕಡಿಮೆ ಮಾಡಿ ಬಿಡಬೇಕು, ಹಾಗಾಗಿ ಮೀನನ್ನು ಮುಟ್ಟುವ ರೀತಿಯನ್ನೇ ಹೊಸದಾಗಿ ಕಲಿಯಬೇಕು.

ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ. ಕೊಕ್ಕೆ ಮುಳ್ಳಿಲ್ಲದ್ದಿರಲಿ, ಇದ್ದದ್ದಕ್ಕೆ ಇಕ್ಕಳದಿಂದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ದಾರದ ಬಲದ ಮೇಲೆ ಮೀನನ್ನು ದಂಡೆಗೆ ಎತ್ತಿ ಒಗೆಯುವ ನಮ್ಮ ರೂಢಿ ಅಲ್ಲಿ ಕೂಡದು, ಹಿಡಿಕೆಯ ಬಲೆ ಇಟ್ಟು ಎತ್ತಿ ಒದ್ದೆ ಮಾಡಿದ ಚಾಪೆಯ ಮೇಲೆ ಮಲಗಿಸಿ. ಕೊಕ್ಕೆ ಆಳಕ್ಕೆ ಹೋಗಿದ್ದರೆ ಡಿಸ್‌ಗಾರ್ಜರ್ ಎಂಬ ಕಡ್ಡಿಯನ್ನು ದಾರದ ಗುಂಟ ಇಳಿಸಿ, ಕೊಕ್ಕೆಯ ಬಾಗಿಗೆ ತಾಗಿದ ಮೇಲೆ ಒಳಕ್ಕೆ ತುಸು ಒತ್ತಿ ತೆಗೆಯಬೇಕು. ಬರದಿದ್ದರೆ ಎಳೆದಾಡಬೇಡಿ, ದಾರ ಕತ್ತರಿಸಿ ಬಿಡಿ. ಬಿಡುವಾಗ ನೀರಿಗೆ ಎಸೆಯದೆ, ಹರಿವಿಗೆ ಮುಖಮಾಡಿ ಹಿಡಿದು, ತಾನಾಗಿ ಈಜುವವರೆಗೆ ಕಾಯಬೇಕು. ಬಾರ್ಬೆಲ್ ಮೀನು ಜಗ್ಗಾಡಿ ಪೂರ್ತಿ ಸುಸ್ತಾಗಿರುತ್ತದೆ, ಅದಕ್ಕೆ ಹಲವು ನಿಮಿಷವೇ ಬೇಕಾಗುತ್ತದೆ.

ಟ್ರೆಂಟ್ ಅಗಲವಾದ, ಸೆಳೆತವಿರುವ ಹೊಳೆ. ಶುರುವಿಗೆ ಕಾಲುವೆ ಅಥವಾ ಸಣ್ಣ ಕೆರೆ ಹಿಡಿಯುವುದು ಒಳ್ಳೆಯದು. ಬೆಂಡಿನ ಗಾಳಕ್ಕೆಂದೇ ಇರುವ 12 ಅಥವಾ 13 ಅಡಿಯ ಫ್ಲೋಟ್ ರಾಡ್, 3000 ಅಳತೆಯ ರೀಲು, 4 ಪೌಂಡ್ ತಾಳುವ ದಾರ, ತುದಿಗೆ 3 ಪೌಂಡಿನದು, 16ನೇ ನಂಬರಿನ ಕೊಕ್ಕೆ. ಕೊಕ್ಕೆಯ ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು ಎಂಬುದು ನೆನಪಿರಲಿ. ಭೀಮೆಯ ರಾಡಿ ನೀರಿಗೆ ಒಗ್ಗಿದವರು ದಪ್ಪ ದಾರ, ದೊಡ್ಡ ಕೊಕ್ಕೆ ಹಾಕಿ ದಿನವಿಡೀ ಖಾಲಿ ಕೂರುತ್ತಾರೆ. ತಿಳಿನೀರಿನಲ್ಲಿ ಮೀನಿಗೆ ಅದು ಕಾಣುತ್ತದೆ. ಬೆಂಡನ್ನು ಎರಡೂ ಬದಿ ಸೀಸದಂಥ ಸಣ್ಣ ಗುಂಡುಗಳಿಂದ ಬಿಗಿದು, ಕೊಕ್ಕೆಯ ಕಡೆಗೆ ಎರಡು ಮೂರು ಚಿಕ್ಕ ಗುಂಡು ಸಾಕು. ಸೀಸದಂಥ ಅಂದದ್ದಕ್ಕೆ ಕಾರಣವಿದೆ: ನುಂಗಿದ ಹಂಸಗಳು ವಿಷವೇರಿ ಸಾಯುತ್ತಿದ್ದುದರಿಂದ 1987ರಿಂದ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗುಂಡು ಮಾರಾಟಕ್ಕಿಲ್ಲ. ಊರಿನ ಸೀಸದ ಗುಂಡುಗಳನ್ನು ಒಯ್ಯಬೇಡಿ. ಹಾಗೇ ತುಂಡಾದ ದಾರವನ್ನು ದಂಡೆಯಲ್ಲಿ ಬಿಟ್ಟರೆ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮನೆಗೆ ತಂದು ಚೂರು ಮಾಡಿ ಕಸಕ್ಕೆ ಹಾಕಿ.

ಎರೆ ಸುಲಭ. ಬರೀ ಜೋಳದ ಹಿಟ್ಟಿನ ಉಂಡೆ ನೀರಲ್ಲಿ ನಿಲ್ಲುವುದಿಲ್ಲ, ಜೋಳಕ್ಕೆ ಗೋಧಿಯ ಅಂಟು ಇಲ್ಲ. ಎರಡು ಪಾಲು ಗೋಧಿ ಹಿಟ್ಟಿಗೆ ಒಂದು ಪಾಲು ಜೋಳ ಸೇರಿಸಿ ಗಟ್ಟಿಯಾಗಿ ನಾದಿ, ಬಟಾಣಿ ಗಾತ್ರ ಹಾಕಿ. ಗೆಂಡೆ, ಟೆಂಚ್ ಬರುತ್ತವೆ. ಡಬ್ಬಿಯ ಸಿಹಿ ಮೆಕ್ಕೆಜೋಳ, ಬ್ರೆಡ್ಡಿನ ತಿರುಳು ಎಲ್ಲ ಕಡೆ ನಡೆಯುತ್ತವೆ. ಅಂಗಡಿಯಲ್ಲಿ ಪೈಂಟ್ ಲೆಕ್ಕದಲ್ಲಿ ಜೀವಂತ ನೊಣದ ಹುಳು ಮಾರುತ್ತಾರೆ, ಅದರಷ್ಟು ಚೆನ್ನಾಗಿ ಕಚ್ಚಿಸುವ ಎರೆ ಇಲ್ಲ. ಆದರೆ ಬೆಚ್ಚಗೆ ಇಟ್ಟರೆ ಕೋಶ ಕಟ್ಟಿ ನೊಣವಾಗುತ್ತವೆ, ಬಾಡಿಗೆ ಮನೆಯ ಹಂಚಿಕೊಂಡ ಫ್ರಿಜ್ಜಿನಲ್ಲಿ ಇಟ್ಟರೆ ಜೊತೆಗಾರರ ಸ್ನೇಹ ಕೆಡುತ್ತದೆ. ಆ ದಿನಕ್ಕೆ ಬೇಕಾದಷ್ಟೇ ತನ್ನಿ. ಚಳಿಗಾಲದಲ್ಲಿ ಗೆಂಡೆ ಮಂಕಾಗುತ್ತದೆ, ಚಬ್ ಮತ್ತು ಪೈಕ್ ಕಚ್ಚುತ್ತವೆ. ಪೈಕ್‌ಗೆ ಹಲ್ಲಿದೆ, ತಂತಿಯ ತುದಿದಾರವಿಲ್ಲದೆ ಅದರ ತಂಟೆಗೆ ಹೋಗಬೇಡಿ: ದಾರ ಕಡಿದು ಕೊಕ್ಕೆಯನ್ನು ಬಾಯಲ್ಲಿಟ್ಟುಕೊಂಡೇ ಹೋಗಿಬಿಡುತ್ತದೆ. ಇನ್ನೊಂದು, ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ. ತಲೆಯ ಮೇಲೆ ವಿದ್ಯುತ್ ತಂತಿ ಇದ್ದರೆ 30 ಮೀಟರ್ ದೂರ ಕೂರಿ. ಕೈಯಲ್ಲಿ ಗಾಯವಿದ್ದರೆ ಮುಚ್ಚಿ, ಇಲಿ ಮೂತ್ರದಿಂದ ನೀರಿಗೆ ಸೇರುವ ಇಲಿಜ್ವರ ಅಲ್ಲೂ ಇದೆ.

ದಂಡೆಯ ನಡವಳಿಕೆ ಬಗ್ಗೆ ಎರಡು ಮಾತು. ಮೊದಲೇ ಕೂತವರ ಪಕ್ಕಕ್ಕೆ ಹೋಗಿ ಗಾಳ ಬಿಡಬೇಡಿ. ದೂರದಿಂದ ನಕ್ಕು, ಏನಾದರೂ ಸಿಕ್ಕಿತಾ ಎಂದು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಮೊಬೈಲಿನ ಹಾಡು ಬೇಡ. ನಮ್ಮಲ್ಲಿ ಹೊಳೆಯ ಕೆಲಸ ಅಂಬಿಗರದ್ದು, ಕಬ್ಬಲಿಗರದ್ದು ಎಂದು ದೂರವಿಟ್ಟು, ಅವರು ಹಿಡಿದ ಮೀನನ್ನು ಮಾತ್ರ ಹತ್ತಿರ ಕರೆಯುವ ಜನ ಇದ್ದಾರೆ. ಬಾಡಿಗೆಗೆ ಮನೆ ಕೇಳಿದರೆ ಮೊದಲ ಪ್ರಶ್ನೆಯೇ ಮೀನು ಮಾಂಸದ್ದು. ಅಲ್ಲಿ ಗಾಳ ಹಿಡಿದವನನ್ನು ಯಾರೂ ಕೀಳಾಗಿ ನೋಡುವುದಿಲ್ಲ. ವಕೀಲರೂ ಲಾರಿ ಚಾಲಕರೂ ಒಂದೇ ದಂಡೆಯಲ್ಲಿ ಕೂರುತ್ತಾರೆ. ಹಾಗಂತ ಮೇಲುಕೀಳು ಇಲ್ಲವೇ ಇಲ್ಲ ಅಂತಲ್ಲ. ಸಾಲ್ಮನ್, ಟ್ರೌಟ್ ಮೀನಿಗೆ ಗೇಮ್ ಫಿಶ್ ಎಂದು ಬೇಟೆಯ ಗೌರವದ ಹೆಸರು, ಉಳಿದೆಲ್ಲಕ್ಕೂ ಕೋರ್ಸ್ ಫಿಶ್ ಎಂದು ಒರಟು ಎಂಬರ್ಥದ ಹೆಸರು. ಶ್ರೀಮಂತರ ಹೊಳೆಗೂ ದುಡಿಯುವವರ ಕಾಲುವೆಗೂ ನಡುವೆ ಎಳೆದ ಹಳೆಯ ಗೆರೆ ಅದು. ಒರಟು ಮೀನಿನವರೇ ಹೊಸಬರಿಗೆ ಬೇಗ ಜಾಗ ಬಿಡುತ್ತಾರೆ.

ತಿನ್ನಲು ಬೇಕೇಬೇಕೆಂದರೆ ಎರಡು ದಾರಿ ಇವೆ. ಟ್ರೌಟ್ ಸಾಕುವ ಕೆರೆಗಳಲ್ಲಿ ಎರಡು ಮೀನಿನ ಟಿಕೆಟ್, ನಾಲ್ಕು ಮೀನಿನ ಟಿಕೆಟ್ ಎಂದು ಕೊಡುತ್ತಾರೆ, ಅಷ್ಟನ್ನು ಕೊಂದು ಒಯ್ಯಬಹುದು. ಅಲ್ಲಿ ಹೆಚ್ಚಾಗಿ ಕೃತಕ ನೊಣದ ಗಾಳವೇ ಆಗಬೇಕು. ಇನ್ನೊಂದು ಸಮುದ್ರ. ಸಮುದ್ರದ ಗಾಳಕ್ಕೆ ರಾಡ್ ಲೈಸೆನ್ಸ್ ಬೇಡ. ಬೇಸಗೆಯಲ್ಲಿ ಪೂರ್ವ ಕರಾವಳಿಯ ವಿಟ್‌ಬಿ, ಸ್ಕಾರ್‌ಬರೋ ಕಡೆ ಮ್ಯಾಕೆರಲ್ ಬರುತ್ತದೆ, ನಮ್ಮ ಕರಾವಳಿಯವರ ಬಂಗುಡೆಯ ಬಳಗದ್ದು. ಉತ್ತರ ಸಮುದ್ರದಲ್ಲಿ 30 ಸೆಂಟಿಮೀಟರಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಸೀ ಬಾಸ್‌ಗೆ 42 ಸೆಂಟಿಮೀಟರ್. ದಿನಕ್ಕೆ ಎಷ್ಟು, ಯಾವ ತಿಂಗಳು ಎಂಬ ನಿಯಮ ಬದಲಾಗುತ್ತಿರುತ್ತದೆ, ಹೋಗುವ ಮುಂಚೆ ನೋಡಿಕೊಳ್ಳಿ. ಮ್ಯಾಕೆರಲ್ ಹಿಡಿದ ತಕ್ಷಣ ತಲೆಗೆ ಹೊಡೆದು ಕೊಂದು, ಕಿವಿರು ಕತ್ತರಿಸಿ ರಕ್ತ ಸುರಿಸಿ, ಮಂಜುಗಡ್ಡೆಯಲ್ಲಿಡಿ. ಬಿಸಿಲಲ್ಲಿ ಬಿಟ್ಟರೆ ಮಾಂಸದಲ್ಲಿ ಹಿಸ್ಟಮೈನ್ ಎಂಬ ವಿಷ ಹುಟ್ಟುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ ತಲೆ ಸಿಡಿಯುತ್ತದೆ.

ಸಮುದ್ರ ನೋಡದೆ ಬೆಳೆದವರು ನಾವು, ಇದನ್ನು ಗಟ್ಟಿಯಾಗಿ ಹೇಳಲೇಬೇಕು: ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಳಿದಾಗ ನಡೆದು ಹೋದ ಮರಳು ದಿಬ್ಬ ಏರಿದಾಗ ದ್ವೀಪವಾಗುತ್ತದೆ. 2004ರ ಫೆಬ್ರವರಿಯಲ್ಲಿ ಮೊರೆಕಂಬ್ ಕೊಲ್ಲಿಯಲ್ಲಿ ಚಿಪ್ಪು ಆರಿಸುತ್ತಿದ್ದ 20ಕ್ಕೂ ಹೆಚ್ಚು ಚೀನೀ ಕೂಲಿಗಳು ಹೀಗೇ ನೀರುಪಾಲಾದರು, ಅವರೂ ಹೊಸಬರೇ. ಉಬ್ಬರದ ವೇಳಾಪಟ್ಟಿ ನೋಡದೆ ಇಳಿಯಬೇಡಿ. ಅಪಾಯವಾದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಸಾರಿಗೆ 4 ಮ್ಯಾಕೆರಲ್ ಸಾಕು, ಒಂದು ಕಿಲೊ ಆಗುತ್ತದೆ. ಎರಡು ಉಳ್ಳಾಗಡ್ಡಿ ಸುಟ್ಟು, ಮೂರು ಚಮಚ ಒಣ ಕೊಬ್ಬರಿ, ಎರಡು ಚಮಚ ಹುರಿದ ಶೇಂಗಾ, ಒಂದು ಗಡ್ಡೆ ಬೆಳ್ಳುಳ್ಳಿ ಸೇರಿಸಿ ಅರೆಯಿರಿ. ಮ್ಯಾಕೆರಲ್‌ಗೆ ಎಣ್ಣೆಯಂಶ ಹೆಚ್ಚು, ಹುಣಸೆ ನಿಂಬೆಗಾತ್ರಕ್ಕಿಂತ ತುಸು ಜಾಸ್ತಿಯೇ ಇರಲಿ. ಖಾರ, ಅರಿಸಿನ, ಹುಳಿ ಹಾಕಿ ಚೆನ್ನಾಗಿ ಕುದ್ದ ಮೇಲೆ ಮೀನು ಬಿಡಿ. ಎಂಟು ನಿಮಿಷ ಸಾಕು, ಮೀರಿದರೆ ಒಡೆಯುತ್ತದೆ. ಒಗ್ಗರಣೆಯ ಹೊಗೆಗೆ ಛಾವಣಿಯ ಅಲಾರಂ ಕೂಗುತ್ತದೆ, ಅದಕ್ಕೆ ಬಟ್ಟೆ ಕಟ್ಟಬೇಡಿ, ಕಿಟಕಿ ತೆರೆದು ಅಡುಗೆಮನೆಯ ಬಾಗಿಲು ಮುಚ್ಚಿ. ಕಸದ ಗಾಡಿ ಕೆಲವೆಡೆ ಎರಡು ವಾರಕ್ಕೊಮ್ಮೆ ಬರುವುದರಿಂದ ಕರುಳು, ತಲೆಗಳನ್ನು ಕಟ್ಟಿ ಫ್ರೀಜರಿನಲ್ಲಿಟ್ಟು ಗಾಡಿ ಬರುವ ದಿನ ಬೆಳಿಗ್ಗೆ ಹಾಕಿ.

ರೋಹು ತಿನ್ನುವ ಬಯಕೆಯಾದರೆ ನಾಟಿಂಗ್‌ಹ್ಯಾಮ್‌ನ ಹೈಸನ್ ಗ್ರೀನ್ ಕಡೆಯ ಏಷ್ಯನ್ ಅಂಗಡಿಗಳಲ್ಲಿ ಕೇಳಿ, ಹಿಮಗಟ್ಟಿಸಿದ್ದು ಸಿಗುತ್ತದೆ. ಬಾಂಗ್ಲಾದವರು ರುಯಿ ಅನ್ನುತ್ತಾರೆ. ಜೋಳದ ಹಿಟ್ಟೂ ಅಂಥ ಅಂಗಡಿಗಳಲ್ಲೇ, ಜುವಾರ್ ಎಂಬ ಹೆಸರಲ್ಲಿ. ಹಳೆಯ ಹಿಟ್ಟಾದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ, ಚೀಲದ ಮೇಲಿನ ತಾರೀಖು ನೋಡಿ ಕೊಳ್ಳಿ, ನೀರು ಕುದಿಯುತ್ತಿರುವಾಗಲೇ ಹಿಟ್ಟಿಗೆ ಸುರಿದು ನಾದಿ.